ಎರಡು ರಿಪೋರ್ಟು, ಒಂದೇ ಗಡ್ಡೆ

ನನ್ನ ಫೈಲಿನಲ್ಲಿ ಒಂದೇ ಗಡ್ಡೆಯ ಬಗ್ಗೆ ಎರಡು ರಿಪೋರ್ಟ್ ಇವೆ. ಒಂದು ಸೂಜಿ ಹಾಕಿ ತೆಗೆದ ತುಂಡಿನದು. ಇನ್ನೊಂದು ಆಪರೇಷನ್ ಆದಮೇಲೆ ಇಡೀ ಗಡ್ಡೆಯದು. ಬಹುಪಾಲು ಎರಡೂ ಒಂದೇ ಮಾತು ಹೇಳುತ್ತವೆ. ಎರಡು ಸಾಲುಗಳಲ್ಲಿ ಮಾತ್ರ ತಾಳೆಯಾಗಲಿಲ್ಲ. ನನಗೆ ಕಿಮೋ ಬೇಕೋ ಬೇಡವೋ ಅನ್ನುವುದು ಆ ಸಾಲುಗಳ ಮೇಲೆ ಬಂದು ನಿಂತಿತ್ತು. ಸ್ತನ ಕ್ಯಾನ್ಸರ್ ಬಂದವರಿಗೆ ಧೈರ್ಯ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ರಿಪೋರ್ಟ್ ಹಿಡಿದು ಕೂತು ಓದಿ ಹೇಳುವವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯವಳು. ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 54. ಮುಟ್ಟು ನಿಂತು ಕೆಲವು ವರ್ಷ ಆಗಿದೆ. ಮುಟ್ಟಿನ ಮಾತು ಯಾಕೆ ಅಂದರೆ, ಮುಂದೆ ಮಾತ್ರೆ ಆರಿಸುವಾಗ ಅದೂ ಲೆಕ್ಕಕ್ಕೆ ಬರುತ್ತದೆ.

ಗಂಟು ಕೈಗೆ ಸಿಕ್ಕಿದಾಗ ಮೊದಲು ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಸಣ್ಣ ಸೂಜಿಯಲ್ಲಿ ಎಫ್‌ಎನ್‌ಎಸಿ ಮಾಡಿದರು. ಇಂಜೆಕ್ಷನ್ ಸೂಜಿಯಷ್ಟೇ ಸಣ್ಣದು. ಒಂದಷ್ಟು ಜೀವಕೋಶ ಎಳೆದುಕೊಂಡು ಗಾಜಿನ ಮೇಲೆ ಸವರಿ ನೋಡುತ್ತಾರೆ. ಕ್ಯಾನ್ಸರ್ ಅನುಮಾನ ಇದೆ ಅಂತ ಬಂತು. ಅಷ್ಟೇ. ಮ್ಯಾಮೊಗ್ರಾಂನಲ್ಲಿ ಬೈ-ರ್ಯಾಡ್ಸ್ 5 ಅಂತ ಬರೆದಿದ್ದರು. 5 ಅಂದರೆ 100ಕ್ಕೆ 95ಕ್ಕಿಂತ ಜಾಸ್ತಿ ಕ್ಯಾನ್ಸರ್ ಇರುವ ಸಾಧ್ಯತೆ. ಹಾಗಾದರೆ ಸೀದಾ ಆಪರೇಷನ್ ಮಾಡಿ ತೆಗೆದುಬಿಡಿ ಅಂದೆ ಸರ್ಜನ್‌ಗೆ. ಮನೆಯಲ್ಲೂ ಎಲ್ಲರದೂ ಅದೇ ಮಾತು.

ಅವರು ಒಪ್ಪಲಿಲ್ಲ. "ಅಮ್ಮಾ, ಕ್ಯಾನ್ಸರ್ ಹೌದೋ ಅಲ್ಲವೋ ಅಂತ ತಿಳಿಯೋದಕ್ಕೆ ಮಾತ್ರ ಅಲ್ಲ. ಯಾವ ಜಾತಿಯದ್ದು ಅಂತ ತಿಳಿದಮೇಲೆ ಮೊದಲು ಆಪರೇಷನ್ನೋ, ಮೊದಲು ಔಷಧಿಯೋ ಅಂತ ನಿರ್ಧಾರ ಮಾಡೋದು" ಅಂದರು. ಸಣ್ಣ ಸೂಜಿಯಲ್ಲಿ ಬರುವುದು ಬಿಡಿ ಬಿಡಿ ಜೀವಕೋಶ. ಅದರಲ್ಲಿ ಕ್ಯಾನ್ಸರ್ ನಾಳದ ಒಳಗೇ ಇದೆಯೋ, ಗೋಡೆ ಒಡೆದು ಹೊರಗೆ ಬಂದಿದೆಯೋ ಅಂತ ಹೇಳುವುದು ಕಷ್ಟ. ಗಡ್ಡೆ ಹಾರ್ಮೋನಿಗೆ ಬೆಳೆಯುವಂಥದ್ದೋ ಅಂತ ನೋಡುವ ರಿಸೆಪ್ಟರ್ ಪರೀಕ್ಷೆಗೂ ಅದನ್ನು ಅಷ್ಟಾಗಿ ನೆಚ್ಚಿಕೊಳ್ಳಲು ಆಗುವುದಿಲ್ಲ. ಅದಕ್ಕೆ ದಪ್ಪ ಸೂಜಿಯ ಕೋರ್ ಬಯಾಪ್ಸಿಯೇ ಆಗಬೇಕು.

ಯಜಮಾನರ ಅಕ್ಕ ಹರಿಹರದಿಂದ ಬಂದು ಕೂತಿದ್ದರು. "ಬ್ಯಾಡವ್ವ, ಸೂಜಿ ಚುಚ್ಚಿಸ್ಬ್ಯಾಡ. ಚುಚ್ಚಿದ್ರೆ ಮೈಯೆಲ್ಲಾ ಹರಡ್ತತಿ" ಅಂತ ಒಂದೇ ಸಮನೆ ಹೇಳಿದರು. ಈ ಮಾತು ನಮ್ಮ ಕಡೆ ಎಷ್ಟು ಗಟ್ಟಿಯಾಗಿ ಬೇರೂರಿದೆ ಅಂದರೆ, ಓದಿದವರೂ ದನಿ ತಗ್ಗಿಸಿ ಅದನ್ನೇ ಹೇಳುತ್ತಾರೆ. ಡಾಕ್ಟರನ್ನೇ ಕೇಳಿದೆ. ಸೂಜಿ ಹೋದ ದಾರಿಯಲ್ಲಿ ಒಂದಷ್ಟು ಜೀವಕೋಶ ಸರಿದಿರಬಹುದು, ಅವು ಅಲ್ಲಿ ಬದುಕಿ ಬೆಳೆಯುವುದು ತೀರಾ ಅಪರೂಪ, ಬಯಾಪ್ಸಿ ಮಾಡಿಸಿದವರ ಆಯಸ್ಸು ಅದರಿಂದ ಕಡಿಮೆ ಆಗಿದ್ದು ಕಂಡಿಲ್ಲ ಅಂದರು. ನನಗೆ ಅಷ್ಟು ಸಾಕಾಯಿತು. ಅಕ್ಕನಿಗೆ ಸಾಲಲಿಲ್ಲ. ಆದರೂ ಬಯಾಪ್ಸಿ ದಿನ ಬುತ್ತಿ ಕಟ್ಟಿಕೊಂಡು ಜೊತೆಗೆ ಬಂದವರು ಅವರೇ.

ಬಯಾಪ್ಸಿ ಅಂದರೆ ಜನ ಹೆದರುವಷ್ಟು ಏನಿಲ್ಲ. ಸ್ಕ್ಯಾನಿಂಗ್ ಮಂಚದ ಮೇಲೆ ಮಲಗಿಸಿ, ಕೈಯನ್ನು ತಲೆ ಮೇಲಕ್ಕೆ ಇಡಿಸಿ, ಮೊದಲು ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಉರಿದಿದ್ದು ಅದೊಂದೇ. ಆಮೇಲೆ ಚರ್ಮದಲ್ಲಿ ಒಂದು ಸಣ್ಣ ಗೀರು. ಅದರೊಳಗಿಂದ 14 ಗೇಜ್ ಸೂಜಿ. ಸೂಜಿ ಎಲ್ಲಿಗೆ ಹೋಗುತ್ತಿದೆ ಅಂತ ಡಾಕ್ಟರು ಸ್ಕ್ಯಾನಿಂಗ್ ಪರದೆಯಲ್ಲಿ ನೋಡುತ್ತಲೇ ಇರುತ್ತಾರೆ. ಗಂಟಿನ ಬಳಿ ಹೋದಮೇಲೆ "ಶಬ್ದ ಬರುತ್ತೆ, ಅಲ್ಲಾಡಬೇಡಿ" ಅಂದರು. ಸ್ಪ್ರಿಂಗ್ ಬಿಟ್ಟಿತು. ಟಪ್ ಅಂತ ಒಂದು ಸದ್ದು. ಅದಕ್ಕೆ ಬೆಚ್ಚಿಬಿದ್ದೆ, ನೋವಿಗಲ್ಲ. ಎರಡು ಮಿಲಿಮೀಟರ್ ದಪ್ಪವೂ ಇಲ್ಲದ, ಸುಮಾರು ಎರಡು ಸೆಂಟಿಮೀಟರ್ ಉದ್ದದ ಬಿಳಿ ತುಂಡು ಬಂತು. ಹೀಗೆ ಗಂಟಿನ ಬೇರೆ ಬೇರೆ ಜಾಗದಿಂದ ಹಲವು ತುಂಡು ತೆಗೆದರು.

ಒಂದೇ ಕಡೆಯಿಂದ ಯಾಕಲ್ಲ ಅಂತ ನಾನು ಕೇಳಬೇಕಾಗಿರಲಿಲ್ಲ. ಅದು ನನ್ನ ದಿನದ ಕೆಲಸ. ಯಾರ್ಡಿಗೆ ಮೆಕ್ಕೆಜೋಳ ಬಂದರೆ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಕಾಳು ತೆಗೆದು ನೋಡುತ್ತೇವೆ. ಒಂದೇ ಚೀಲದ ಒಂದೇ ಮೂಲೆಗೆ ಚುಚ್ಚಿ ರೇಟು ಹೇಳಿದರೆ ರೈತನೂ ಬಿಡುವುದಿಲ್ಲ, ಕೊಳ್ಳುವವನೂ ಬಿಡುವುದಿಲ್ಲ. ಮೇಲೆ ಒಣಗಿದ ಕಾಳು, ತಳದಲ್ಲಿ ಹಸಿ ಇರಬಹುದು. ಗಡ್ಡೆಯೂ ಎಲ್ಲ ಕಡೆ ಒಂದೇ ಥರ ಇರುವುದಿಲ್ಲವಂತೆ. ಒಂದು ಭಾಗದಲ್ಲಿ ರಿಸೆಪ್ಟರ್ ದಟ್ಟವಾಗಿ, ಇನ್ನೊಂದು ಭಾಗದಲ್ಲಿ ಅಲ್ಲೊಂದು ಇಲ್ಲೊಂದು ಇರಬಹುದು.

ನಾನು ಗಮನಿಸಿದ ಇನ್ನೊಂದು ಸಂಗತಿ ಇದೆ. ತುಂಡು ಬಂದ ತಕ್ಷಣ ನರ್ಸ್ ಅದನ್ನು ಫಾರ್ಮಲಿನ್ ಬಾಟಲಿಗೆ ಹಾಕಿದಳು. ಮಾಂಸ ಕೆಡದಂತೆ ಇಡುವ ದ್ರಾವಣ ಅದು. ಚೀಟಿಯಲ್ಲಿ ಗಂಟೆ, ನಿಮಿಷ ಬರೆದಳು. ಆಗ ಅದು ಸುಮ್ನೆ ಆಸ್ಪತ್ರೆಯ ಪದ್ಧತಿ ಅಂದುಕೊಂಡಿದ್ದೆ. ಕೊನೆಗೆ ಇಡೀ ಕಥೆ ನಿಂತಿದ್ದು ಆ ಚೀಟಿಯ ಮೇಲೆ.

ರಿಪೋರ್ಟ್ ಬಂತು. ಇನ್ವೇಸಿವ್ ಕಾರ್ಸಿನೋಮ, ಅಂದರೆ ಗೋಡೆ ಒಡೆದು ಹೊರಗೆ ಬಂದ ಕ್ಯಾನ್ಸರ್. ಗ್ರೇಡ್ 2, ಅಂದರೆ ಮಧ್ಯಮ ಜೋರಿನದು. ಕೆಳಗೆ ಮೂರು ಸಾಲು. ಇಆರ್ ಪಾಸಿಟಿವ್, 90%. ಪಿಆರ್ ಪಾಸಿಟಿವ್, 30%. ಹರ್-2, 2+.

ಇಆರ್ ಅಂದರೆ ಈಸ್ಟ್ರೋಜನ್ ರಿಸೆಪ್ಟರ್, ಪಿಆರ್ ಅಂದರೆ ಪ್ರೊಜೆಸ್ಟರಾನ್ ರಿಸೆಪ್ಟರ್. ಇವೆರಡೂ ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಇರುತ್ತವೆ. ಮೈಯಲ್ಲಿರುವ ಹಾರ್ಮೋನು ಬಂದು ಇವನ್ನು ಹಿಡಿದರೆ ಗಡ್ಡೆ ಬೆಳೆಯುತ್ತದೆ. ಇವು ಇದ್ದರೆ ಹಾರ್ಮೋನು ತಡೆಯುವ ಮಾತ್ರೆ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಆ ಮಾತ್ರೆಯಿಂದ ಪ್ರಯೋಜನ ಇಲ್ಲ. ನೂರು ಜೀವಕೋಶದಲ್ಲಿ ಒಂದಕ್ಕೆ ಬಣ್ಣ ಹತ್ತಿದರೂ ಪಾಸಿಟಿವ್ ಅಂತ 2010ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞರು ಮತ್ತು ಪೆಥಾಲಜಿಸ್ಟರ ಸಂಘಗಳು ಸೇರಿ ನಿಯಮ ಮಾಡಿದವು. ನಮ್ಮಲ್ಲೂ ಅದನ್ನೇ ಅನುಸರಿಸುತ್ತಾರೆ. 2020ರಲ್ಲಿ ಅದನ್ನು ಸ್ವಲ್ಪ ತಿದ್ದಿ, ಇಆರ್ 1ರಿಂದ 10% ಇದ್ದರೆ ಲೋ ಪಾಸಿಟಿವ್ ಅಂತ ಬೇರೆಯಾಗಿ ಬರೆಯಬೇಕು ಅಂದರು. ನನ್ನದು 90. ಅಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ.

ಹರ್-2 ಬೇರೆ ಥರ. ಅದು ಜೀವಕೋಶದ ಹೊರಪೊರೆಯ ಮೇಲೆ ಇರುವ ಪ್ರೋಟೀನು. 0 ಮತ್ತು 1+ ನೆಗೆಟಿವ್. 3+ ಪಾಸಿಟಿವ್. 2+ ಅಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಆಗ ಫಿಶ್ ಟೆಸ್ಟ್ ಮಾಡಬೇಕು. ಮೊದಲ ಸಲ ಈ ಹೆಸರು ಕೇಳಿದಾಗ ನಮ್ಮ ಯಜಮಾನರು "ಮೀನಿಗೂ ಇದಕ್ಕೂ ಏನ್ರೀ ಸಂಬಂಧ?" ಅಂದರು. ಆ ವಾರ ಮನೆಯಲ್ಲಿ ನಕ್ಕಿದ್ದು ಅದೊಂದೇ ಸಲ. ಹರ್-2 ಪ್ರೋಟೀನು ಮಾಡುವ ಜೀನು 17ನೇ ಕ್ರೋಮೋಸೋಮಿನಲ್ಲಿದೆ. ಅದಕ್ಕೆ ಹೊಳೆಯುವ ಒಂದು ಬಣ್ಣ, ಕ್ರೋಮೋಸೋಮಿಗೆ ಇನ್ನೊಂದು ಬಣ್ಣ ಹಚ್ಚಿ, ಕನಿಷ್ಠ 20 ಜೀವಕೋಶಗಳಲ್ಲಿ ಚುಕ್ಕಿ ಎಣಿಸುತ್ತಾರೆ. ಜೀನಿನ ಚುಕ್ಕಿ ಕ್ರೋಮೋಸೋಮಿನ ಚುಕ್ಕಿಗಿಂತ ದುಪ್ಪಟ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದು, ಒಂದೊಂದು ಜೀವಕೋಶದಲ್ಲಿ ಸರಾಸರಿ ನಾಲ್ಕೋ ಅದಕ್ಕಿಂತ ಜಾಸ್ತಿಯೋ ಜೀನ್ ಇದ್ದರೆ ಪಾಸಿಟಿವ್.

ದಾವಣಗೆರೆಯಲ್ಲಿ ಆಸ್ಪತ್ರೆಗೇನೂ ಬರವಿಲ್ಲ. ಜೆಜೆಎಂ ಮೆಡಿಕಲ್ ಕಾಲೇಜು 1965ರಿಂದ ಇದೆ. ಜಗಳೂರು, ಹರಪನಹಳ್ಳಿ, ಚಿತ್ರದುರ್ಗ, ರಾಣೆಬೆನ್ನೂರು ಕಡೆಯವರೂ ಇಲ್ಲಿಗೇ ಬರುತ್ತಾರೆ. ಆದರೆ ನನ್ನ ಲ್ಯಾಬಿನವರು ಫಿಶ್ ಟೆಸ್ಟನ್ನು ಬೆಂಗಳೂರಿಗೆ ಕಳಿಸುತ್ತಿದ್ದರು. ಬಯಾಪ್ಸಿ ತುಂಡನ್ನು ಮೇಣದಲ್ಲಿ ಕೂರಿಸಿದ ಚೌಕ ಇರುತ್ತದೆ. ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಆ ಬ್ಲಾಕನ್ನು ನನ್ನ ಮಗಳೇ ಪರ್ಸಿನಲ್ಲಿಟ್ಟುಕೊಂಡು ರೈಲಿನಲ್ಲಿ ತೆಗೆದುಕೊಂಡು ಹೋದಳು. ದುಡ್ಡು ನಮ್ಮ ಕೈಯಿಂದಲೇ ಹೋಯಿತು.

ಫಿಶ್ ಬರುವವರೆಗೆ ಕಾಯುವುದು ಬಹಳ ಕಷ್ಟ. ಮೈಯಲ್ಲಿ ಗಡ್ಡೆ ಇದೆ ಅಂತ ಗೊತ್ತಿದ್ದೂ ಸುಮ್ಮನೆ ಕೂರಬೇಕು. ಸಿಕ್ಕಿದವರೆಲ್ಲ "ಇನ್ನೂ ಆಪರೇಷನ್ ಆಗಿಲ್ವಾ?" ಅಂತ ಕೇಳುತ್ತಾರೆ. ಆಂಕಾಲಜಿಸ್ಟ್, ಅಂದರೆ ಕ್ಯಾನ್ಸರ್ ಡಾಕ್ಟರು, ಹೇಳಿದ ಕಾರಣ ಹೀಗಿತ್ತು. ಗಡ್ಡೆ ಎರಡು ಸೆಂಟಿಮೀಟರ್ ದಾಟಿದೆ. ಹರ್-2 ಪಾಸಿಟಿವ್ ಆದರೆ ಆಪರೇಷನ್‌ಗೆ ಮೊದಲೇ ಕಿಮೋ ಜೊತೆ ಹರ್-2 ತಡೆಯುವ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಕೊಡುವುದು ಒಳ್ಳೆಯದು. ಔಷಧಿಗೆ ಗಡ್ಡೆ ಎಷ್ಟು ಕರಗುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ಕೆಲವರಲ್ಲಿ ಪೂರ್ತಿ ಕರಗಿ ಹೋಗುತ್ತದಂತೆ. ಹಾಗೆ ಹೋದಮೇಲೆ ಪರೀಕ್ಷೆ ಮಾಡಲು ಗಡ್ಡೆಯೇ ಇರುವುದಿಲ್ಲ. ಅಂಥವರಿಗೆ ಮೊದಲು ಸೂಜಿಯಲ್ಲಿ ತೆಗೆದ ಆ ನಾಲ್ಕಾರು ತುಂಡೇ ಇರುವ ಒಂದೇ ಸಾಕ್ಷಿ. ಅದಕ್ಕೇ ಅದು ಸರಿಯಾಗಿ ಇರಬೇಕು.

ಟ್ರಾಸ್ಟುಜುಮ್ಯಾಬ್ ಅಮೆರಿಕದಲ್ಲಿ 1998ರಲ್ಲೇ ಬಂದ ಔಷಧಿ. ಬಹಳ ದುಬಾರಿ ಇತ್ತು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಅದರದೇ ಬಯೋಸಿಮಿಲರ್, ಅಂದರೆ ಅದೇ ಥರ ಕೆಲಸ ಮಾಡುವ ಔಷಧಿ, ಮಾರುಕಟ್ಟೆಗೆ ತಂದಮೇಲೆ ಬೆಲೆ ಇಳಿಯತೊಡಗಿತು. ಆದರೂ ಸಾಮಾನ್ಯವಾಗಿ ವರ್ಷವಿಡೀ, ಮೂರು ವಾರಕ್ಕೊಮ್ಮೆ ತೆಗೆದುಕೊಳ್ಳಬೇಕು. ಹರ್-2 ಇಲ್ಲದವರಿಗೆ ಕೊಟ್ಟರೆ ದುಡ್ಡು ದಂಡ, ಹೃದಯಕ್ಕೂ ತೊಂದರೆ ಆಗಬಹುದು. ಇದ್ದವರಿಗೆ ತಪ್ಪಿಸಿದರೆ ಜೀವಕ್ಕೇ ಅಪಾಯ. ಎಲ್ಲವೂ ಆ ಒಂದು ಟೆಸ್ಟಿನ ಮೇಲೆ.

ನನ್ನದು ನೆಗೆಟಿವ್ ಬಂತು. 2+ ಬಂದವರಲ್ಲಿ ಹೆಚ್ಚಿನವರದು ಫಿಶ್‌ನಲ್ಲಿ ನೆಗೆಟಿವ್ವೇ ಆಗುತ್ತದಂತೆ. ಇದನ್ನು ಮೊದಲೇ ಹೇಳಿದ್ದರೆ ನಾಲ್ಕು ರಾತ್ರಿ ನಿದ್ದೆ ಬರುತ್ತಿತ್ತು, ಇರಲಿ.

ಹಾಗಾಗಿ ಮೊದಲು ಆಪರೇಷನ್. ಸ್ತನ ಉಳಿಸಿ ಗಡ್ಡೆ ಮಾತ್ರ ತೆಗೆದರು. ಕಂಕುಳದ ಗ್ರಂಥಿ ಪರೀಕ್ಷೆ ಮಾಡಿದರು, ಅಲ್ಲಿಗೆ ಹರಡಿರಲಿಲ್ಲ. ಆಪರೇಷನ್ ಬಗ್ಗೆ ಹೇಳುವುದು ಇಷ್ಟೇ. ಗಾಯ ಬೇಗ ಮಾಯಿತು. ಎರಡನೇ ರಿಪೋರ್ಟ್ ಬಂದಾಗ ತಲೆನೋವು ಶುರುವಾಯಿತು.

ಅದರಲ್ಲಿ ಇಆರ್ 50% ಅಂತ ಇತ್ತು. ಪಿಆರ್ ನೆಗೆಟಿವ್.

ಆಂಕಾಲಜಿಸ್ಟ್ ಮುಖ ಸ್ವಲ್ಪ ಬದಲಾಯಿತು. ಇಆರ್ ಇದ್ದರೆ ಮಾತ್ರೆ ಖಾತ್ರಿ, ಅದರಲ್ಲಿ ಬದಲಾವಣೆ ಇಲ್ಲ ಅಂದರು. ಆದರೆ ಇಆರ್ ಇದ್ದು ಪಿಆರ್ ಇಲ್ಲದ ಗಡ್ಡೆಗಳು ಸ್ವಲ್ಪ ಜೋರು. ಮಾತ್ರೆಗೆ ಅಷ್ಟು ಚೆನ್ನಾಗಿ ಬಗ್ಗುವುದಿಲ್ಲ. ಗಡ್ಡೆಯ ಗಾತ್ರ, ಗ್ರೇಡು ಇವನ್ನೂ ಸೇರಿಸಿ ನೋಡಿದರೆ ಕಿಮೋ ಯೋಚಿಸಬೇಕಾಗುತ್ತದೆ ಅಂದರು.

ಮನೆಗೆ ಬಂದು ಹೇಳಿದಾಗ ಎಲ್ಲರೂ ಒಂದೇ ಮಾತು. ಸೂಜಿದು ಚೂರು ತುಂಡು, ಇದು ಇಡೀ ಗಡ್ಡೆ. ಇಡೀ ಗಡ್ಡೆ ಹೇಳಿದ್ದೇ ನಿಜ ಇರಬೇಕು. ಕೇಳಿದರೆ ಸರಿ ಅನ್ನಿಸುವ ಮಾತೇ. ನಾನು ಮಾತ್ರ ಎರಡೂ ಹಾಳೆ ಪಕ್ಕ ಪಕ್ಕ ಇಟ್ಟುಕೊಂಡು ಕೂತೆ. ಲೆಕ್ಕ ಬರೆಯುವವಳ ಚಾಳಿ ಅದು. ಎರಡು ಪುಸ್ತಕ ತಾಳೆಯಾಗದಿದ್ದರೆ ದೊಡ್ಡ ಪುಸ್ತಕ ಸರಿ ಅಂತ ಯಾರೂ ಒಪ್ಪುವುದಿಲ್ಲ, ಮೂಲ ಚೀಟಿ ತೆಗಿ ಅನ್ನುತ್ತಾರೆ. 90 ಇದ್ದ ಇಆರ್ 50 ಆಗಿದ್ದು ಯಾಕೆ? ಪಿಆರ್ ಒಂದೇ ಕಡಿಮೆ ಆಗಿದ್ದರೆ ಬೇರೆ ಮಾತು. ಎರಡೂ ಒಟ್ಟಿಗೆ ಇಳಿದಿವೆಯಲ್ಲ?

ಬಯಾಪ್ಸಿ ನೋಡಿದ್ದ ಪೆಥಾಲಜಿಸ್ಟ್ ಮೇಡಂ ಹತ್ತಿರ ಹೋದೆ. ರೋಗಿಗಳು ಪೆಥಾಲಜಿಸ್ಟನ್ನು ನೋಡುವುದೇ ಇಲ್ಲ, ಅವರ ಸಹಿ ಮಾತ್ರ ನೋಡುತ್ತೇವೆ. ನಾನು ಬಾಗಿಲಲ್ಲಿ ನಿಂತಾಗ ಅವರಿಗೂ ಆಶ್ಚರ್ಯ ಆಯಿತು. ಆದರೆ ಕೂರಿಸಿ ಮಾತಾಡಿದರು. ಆಪರೇಷನ್ ಆದ ಕಡೆಯ ಸ್ಲೈಡು ಮತ್ತು ಬ್ಲಾಕು ತನ್ನಿ ಅಂದರು. ಅವನ್ನು ಕೇಳಿ ಪಡೆಯಬಹುದು, ಎರವಲಾಗಿ ಕೊಡುತ್ತಾರೆ. ಅದಕ್ಕೊಂದು ಅರ್ಜಿ ಬರೆದು ಸಹಿ ಹಾಕಬೇಕು ಅಷ್ಟೇ.

ತಂದು ಕೊಟ್ಟೆ. ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ಬಯಾಪ್ಸಿ ಸ್ಲೈಡಿನಲ್ಲಿ ದುಂಡಗಿನ ಕಂದು ಚುಕ್ಕೆಗಳು ತುಂಬಿದ್ದವು. ಅವೇ ಇಆರ್ ಪಾಸಿಟಿವ್. ನಡುವೆ ಕೆಲವು ನೀಲಿ ಚುಕ್ಕೆ. ಅವು ನೆಗೆಟಿವ್. ಮೂಲೆಯಲ್ಲಿ ಒಂದು ಸಣ್ಣ ನಾಳ ಇತ್ತು. ಅದು ನನ್ನದೇ ಮೈಯ ಆರೋಗ್ಯವಂತ ನಾಳ. ಅದಕ್ಕೂ ಕಂದು ಬಣ್ಣ ಹತ್ತಿತ್ತು. ಆಮೇಲೆ ಆಪರೇಷನ್ ಸ್ಲೈಡ್ ಇಟ್ಟರು. ಕಂದು ಬಣ್ಣ ಮಸುಕು. "ಈಗ ಆ ನಾಳ ನೋಡಿ" ಅಂದರು. ಆ ಆರೋಗ್ಯವಂತ ನಾಳವೂ ಸಪ್ಪೆ ನೀಲಿ.

"ನಾರ್ಮಲ್ ನಾಳಕ್ಕೆ ಇಆರ್ ಬಣ್ಣ ಹತ್ತಲೇಬೇಕು. ಅದಕ್ಕೇ ಹತ್ತಿಲ್ಲ ಅಂದ್ರೆ ಗಡ್ಡೆ ನೆಗೆಟಿವ್ ಅಂತ ಅಲ್ಲ, ಟೆಸ್ಟೇ ಸರಿಯಾಗಿಲ್ಲ ಅಂತ ಅರ್ಥ" ಅಂದರು ಮೇಡಂ. ಈ ನಾಳಕ್ಕೆ ಅವರ ಭಾಷೆಯಲ್ಲಿ ಇಂಟರ್ನಲ್ ಕಂಟ್ರೋಲ್ ಅನ್ನುತ್ತಾರೆ. ಒಂದು ಬ್ಲಾಕಿನಲ್ಲಿ ಹೀಗಾಗಿದೆ ಅಂದರೆ ಅದೇ ಬ್ಲಾಕಿನ ಪಿಆರ್ ನೆಗೆಟಿವ್ ಅನ್ನೂ ನಂಬಲು ಆಗುವುದಿಲ್ಲ.

ಯಾಕೆ ಹೀಗಾಯಿತು ಅನ್ನುವುದಕ್ಕೆ ಫಾರ್ಮಲಿನ್ ಲೆಕ್ಕ ಹೇಳಿದರು. ಮೈಯಿಂದ ಹೊರಬಂದ ಮಾಂಸ ಒಂದು ಗಂಟೆಯೊಳಗೆ ಫಾರ್ಮಲಿನ್ ಸೇರಬೇಕು. ಅದರಲ್ಲಿ ಕನಿಷ್ಠ 6 ಗಂಟೆ, ಜಾಸ್ತಿ ಅಂದರೆ 72 ಗಂಟೆ ಇರಬೇಕು. ಫಾರ್ಮಲಿನ್ ಮಾಂಸದೊಳಗೆ ಇಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್. ಸೂಜಿಯ ತುಂಡಿಗೆ ಅಷ್ಟೇ ದಪ್ಪ, ಪೂರ್ತಿ ಬೇಗ ತಲುಪುತ್ತದೆ. ಆಪರೇಷನ್ನಿನಲ್ಲಿ ಬಂದ ಮುದ್ದೆಯನ್ನು ಹಾಗೇ ಹಾಕಿಟ್ಟರೆ ನಡುವಿನ ಗಡ್ಡೆಗೆ ಫಾರ್ಮಲಿನ್ ತಲುಪುವಷ್ಟರಲ್ಲಿ ಒಳಗಿನ ರಿಸೆಪ್ಟರ್ ಹಾಳಾಗಿರುತ್ತದೆ. ಅದಕ್ಕೇ ಮುದ್ದೆಯನ್ನು ಬೇಗನೆ ಅರ್ಧ ಸೆಂಟಿಮೀಟರಿಗೊಂದು ಹೋಳಾಗಿ ಸೀಳಿ, ಧಾರಾಳವಾಗಿ ಫಾರ್ಮಲಿನ್ ಹಾಕಿ ಇಡಬೇಕು. ನನ್ನ ಆಪರೇಷನ್ ಮುಗಿದದ್ದು ಸಂಜೆ ತಡವಾಗಿ. ಆ ನರ್ಸಿಂಗ್ ಹೋಮಿನಲ್ಲಿ ಮುದ್ದೆಯನ್ನು ಸೀಳದೆ ಸಣ್ಣ ಡಬ್ಬಿಯಲ್ಲಿ ಬೆಳಗಿನವರೆಗೆ ಇಟ್ಟಿದ್ದರು. ಡಬ್ಬಿಯ ಮೇಲೆ ನನ್ನ ಹೆಸರು ಇತ್ತು. ಗಂಟೆ ಬರೆದಿರಲಿಲ್ಲ. ನನಗೆ ಸಿಟ್ಟು ಬಂದಿದ್ದು ಆಗಲೇ. ಅಷ್ಟು ಚೆನ್ನಾಗಿ ಆಪರೇಷನ್ ಮಾಡಿ, ಕೊನೆಗೆ ಚೀಟಿ ಬರೆಯಲು ಪುರುಸೊತ್ತು ಇಲ್ಲದೇ ಹೋಯಿತಾ?

ಯಾರ್ಡಿನ ಭಾಷೆಯಲ್ಲಿ ಹೇಳುವುದಾದರೆ, ಚೀಲದಿಂದ ತೆಗೆದ ಸ್ಯಾಂಪಲ್ಲು ಒಣಗಿತ್ತು, ಚೀಲ ಗೋಡೌನಿಗೆ ಹೋಗಿ ನೆನೆದಿತ್ತು. ನನಗೆ ಅರ್ಥವಾಗಿದ್ದು ಹೀಗೆ.

ಹಾಗಂತ ಸೂಜಿ ಯಾವಾಗಲೂ ಸರಿ ಅಂತ ಮೇಡಂ ಹೇಳಲಿಲ್ಲ. ಸೂಜಿ ತುಂಡಿನ ಇಆರ್ ಮತ್ತು ಇಡೀ ಗಡ್ಡೆಯ ಇಆರ್ 100ಕ್ಕೆ 90ಕ್ಕೂ ಜಾಸ್ತಿ ಸಲ ಒಂದೇ ಬರುತ್ತವೆ. ಪಿಆರ್ ಅಷ್ಟು ತಾಳೆಯಾಗುವುದಿಲ್ಲ, ಯಾಕೆಂದರೆ ಅದು ಗಡ್ಡೆಯಲ್ಲಿ ತೇಪೆ ತೇಪೆಯಾಗಿ ಇರುತ್ತದೆ. ಸೂಜಿ ಖಾಲಿ ಜಾಗಕ್ಕೆ ಹೋದರೆ ನೆಗೆಟಿವ್ ಬಂದುಬಿಡುತ್ತದೆ. ಹರ್-2 ವಿಷಯದಲ್ಲಿ 0 ಮತ್ತು 3+ ಸಾಮಾನ್ಯವಾಗಿ ಬದಲಾಗುವುದಿಲ್ಲ, ತೊಂದರೆ ಎಲ್ಲ ಮಧ್ಯದಲ್ಲಿ. ಆದ್ದರಿಂದ ಸೂಜಿಯಲ್ಲಿ ಪಾಸಿಟಿವ್ ಬಂದರೆ ನಂಬಿ, ನೆಗೆಟಿವ್ ಬಂದು ಗಡ್ಡೆಯ ಸ್ವಭಾವಕ್ಕೆ ಅದು ಹೊಂದದಿದ್ದರೆ ಇನ್ನೊಮ್ಮೆ ಮಾಡಿಸಿ ಅನ್ನುವುದು ಅವರ ಅಭಿಪ್ರಾಯ. ಗ್ರೇಡ್ 1 ಗಡ್ಡೆಗೆ, ಲೋಬ್ಯುಲರ್ ಅನ್ನುವ ಬಗೆಯ ಗಡ್ಡೆಗೆ ಇಆರ್ ನೆಗೆಟಿವ್ ಅಂತ ಬಂದರೆ ಅವರು ಸುಮ್ಮನೆ ಸಹಿ ಹಾಕುವುದಿಲ್ಲವಂತೆ. ಅಂಥ ಗಡ್ಡೆಗಳು ಬಹುತೇಕ ಇಆರ್ ಇರುವಂಥವೇ. ನನಗೆ ಇದು ಬಹಳ ಹಿಡಿಸಿತು. 2010ರ ಆ ನಿಯಮದಲ್ಲೇ, ಗಡ್ಡೆಯನ್ನು ಸರಿಯಾಗಿ ಪ್ರತಿನಿಧಿಸುವಂತಿದ್ದರೆ ಸೂಜಿಯ ತುಂಡೇ ಈ ಪರೀಕ್ಷೆಗೆ ಮೇಲು ಅಂತ ಇದೆ ಅಂತಲೂ ಹೇಳಿದರು.

ಆಪರೇಷನ್ ಗಡ್ಡೆಯ ಅಂಚಿನಿಂದ ತೆಗೆದ ಬೇರೆ ಬ್ಲಾಕ್ ಒಂದಿತ್ತು. ಹೊರ ಅಂಚಿಗೆ ಫಾರ್ಮಲಿನ್ ಬೇಗ ತಲುಪಿರುತ್ತದೆ ಅಂತ ಅದರಲ್ಲಿ ಮತ್ತೆ ಮಾಡಿಸಿದರು. ಈ ಸಲ ಪಕ್ಕದ ನಾಳ ಕಂದು ಬಣ್ಣಕ್ಕೆ ಬಂತು. ಇಆರ್ 90%. ಪಿಆರ್ 20%, ತೇಪೆ ತೇಪೆಯಾಗಿ. 30ಕ್ಕೂ 20ಕ್ಕೂ ಇರುವ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಪಿಆರ್ ಇರುವುದೇ ಹಾಗೆ ಅಂದರು. ಕೆಐ-67 ಅಂತ ಇನ್ನೊಂದು ಪರೀಕ್ಷೆ ಇದೆ, ಗಡ್ಡೆ ಎಷ್ಟು ಬೇಗ ಬೆಳೆಯುತ್ತಿದೆ ಅಂತ ಹೇಳುತ್ತದೆ. ಅದೂ ಕಡಿಮೆ ಇತ್ತು.

ತಿದ್ದಿದ ರಿಪೋರ್ಟ್ ತೆಗೆದುಕೊಂಡು ಆಂಕಾಲಜಿಸ್ಟ್ ಹತ್ತಿರ ಹೋದೆವು. ಅವರು ಎರಡನ್ನೂ ಓದಿ, ಪೆಥಾಲಜಿ ಮೇಡಂಗೆ ಫೋನ್ ಮಾಡಿ ಮಾತಾಡಿ, ಕಿಮೋ ಬೇಡ ಅಂದರು. ರೇಡಿಯೇಷನ್ ಆಮೇಲೆ ಮಾತ್ರೆ. ಮುಟ್ಟು ನಿಂತಿರುವುದರಿಂದ ಟಮಾಕ್ಸಿಫೆನ್ ಬದಲು ಲೆಟ್ರೊಜೋಲ್ 2.5 ಮಿಲಿಗ್ರಾಂ, ದಿನಕ್ಕೊಂದು, 5 ವರ್ಷ. ಅಕ್ಕ ಹೊರಗೆ ಬಂದು, "ಸೂಜಿ ಹಾಕಿಸಿದ್ದು ಒಳ್ಳೇದಾತು ಬಿಡವ್ವ" ಅಂದರು. ಅವರ ಬಾಯಲ್ಲಿ ಆ ಮಾತು ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಮಾತ್ರೆ ಶುರುವಾದಮೇಲೆ ಬೆಳಗ್ಗೆ ಎದ್ದಾಗ ಬೆರಳಿನ ಗಿಣ್ಣು ಹಿಡಿದುಕೊಳ್ಳುತ್ತವೆ. ಪೆನ್ನು ಹಿಡಿಯಲು ಸ್ವಲ್ಪ ಹೊತ್ತು ಬೇಕು. ಮೂಳೆ ಸವೆಯಬಹುದು ಅಂತ ಸ್ಕ್ಯಾನ್ ಮಾಡಿಸಿ ಕ್ಯಾಲ್ಸಿಯಂ ಕೊಟ್ಟಿದ್ದಾರೆ. ಬಯಾಪ್ಸಿ ಬ್ಲಾಕು ಮತ್ತು ಆಪರೇಷನ್ ಬ್ಲಾಕು ಎರಡನ್ನೂ ಲ್ಯಾಬಿಗೆ ವಾಪಸ್ ಕೊಟ್ಟು, ಅವುಗಳ ನಂಬರ್ ಬರೆಸಿಕೊಂಡು ಬಂದಿದ್ದೇನೆ. ಮುಂದೆ ಎಂದಾದರೂ ರೋಗ ಮರುಕಳಿಸಿದರೆ ಹೊಸ ಜಾಗದಿಂದ ಮತ್ತೆ ಸೂಜಿ ಹಾಕಿ ರಿಸೆಪ್ಟರ್ ನೋಡಬೇಕಂತೆ. ಅವು ಬದಲಾಗಿರಬಹುದು. ಆಗ ಹೋಲಿಸಿ ನೋಡಲು ಹಳೆಯ ಬ್ಲಾಕ್ ಬೇಕಾಗುತ್ತದೆ.